ಮುಂಗಡದ ಲೆಕ್ಕ

ಜೀತ ಎಂಬ ಮಾತಿಗೆ ಒಂದು ಕಾಲದಲ್ಲಿ ಕೆಟ್ಟ ಅರ್ಥವಿರಲಿಲ್ಲ. ಸಂಸ್ಕೃತದ ‘ಜೀವಿತ’ ಕನ್ನಡದ ಬಾಯಲ್ಲಿ ಸವೆದು ಜೀತವಾಯಿತು ಎನ್ನುತ್ತಾರೆ ಬಲ್ಲವರು. ಬದುಕು ಸಾಗಿಸಲು ಬೇಕಾದದ್ದು, ದುಡಿದದ್ದಕ್ಕೆ ಸಿಕ್ಕಿದ್ದು ಎಂದು ಅದರ ಅರ್ಥ. 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲೂ ಜೀತಕ್ಕೆ ಕೂಲಿ, ಸಂಬಳ ಎಂಬ ಅರ್ಥಗಳಿವೆ. ತೆಲುಗಿನಲ್ಲಿ ಇವತ್ತಿಗೂ ಜೀತಂ ಎಂದರೆ ಸಂಬಳವೇ. ನಮ್ಮ ಜವನಗೊಂಡನಹಳ್ಳಿ ಹಿರಿಯೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಅಮರಾಪುರ, ಮಡಕಶಿರದ ಕಡೆಯ ಆಂಧ್ರದ ಗಡಿ ಇಲ್ಲಿಂದ ಬಹಳ ದೂರವಿಲ್ಲ. ಆ ಕಡೆಯ ಮೇಷ್ಟ್ರೊಬ್ಬರು ತೆಲುಗಿನಲ್ಲಿ ಈ ತಿಂಗಳ ಜೀತಂ ಇನ್ನೂ ಬಂದಿಲ್ಲ ಅಂದರೆ ಅದು ನೌಕರಸ್ಥರ ಮಾಮೂಲಿ ಗೊಣಗಾಟ. ಈ ಕಡೆ ಒಬ್ಬ ಹುಡುಗ ‘ಜೀತಕ್ಕಿದ್ದೀನಿ’ ಅಂದರೆ ಕೇಳಿದವರ ಮುಖದ ಬಣ್ಣ ಬದಲಾಗುತ್ತದೆ.

ಸಂಬಳ ಎಂಬ ಅರ್ಥವಿದ್ದ ಪದ ಸೆರೆ ಎಂಬ ಅರ್ಥಕ್ಕೆ ಜಾರಿದ್ದು ಹೇಗೆ? ಇದನ್ನು ಭಾಷಾಶಾಸ್ತ್ರದ ಪ್ರಶ್ನೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ನನಗೆ ಅದು ಲೆಕ್ಕದ ಪುಸ್ತಕದಲ್ಲಿ ಎದುರಾಯಿತು. ಎಂಥ ಕೂಲಿ ಯಾವ ಗಳಿಗೆಯಲ್ಲಿ ಜೀತವಾಗುತ್ತದೆ? ಹಾಗೆ ಆಗುವಾಗ ನಾಲ್ಕು ಕೈ ದಾಟಿ ಆ ದುಡಿಮೆಯನ್ನು ಕೊಳ್ಳುವವನ ಪಾಲೆಷ್ಟು?

ನನ್ನ ತಮ್ಮ ಉದ್ಯಾನ ಮಾಡಿಕೊಡುವ ಗುತ್ತಿಗೆ ಹಿಡಿಯುತ್ತಾನೆ. ತುಮಕೂರು, ದಾವಣಗೆರೆ, ಬೆಂಗಳೂರಿನ ಹೊರವಲಯದ ಬಡಾವಣೆಗಳು, ಕಲ್ಯಾಣ ಮಂಟಪಗಳು, ಹೆದ್ದಾರಿ ಪಕ್ಕದ ಹೋಟೆಲುಗಳು ಅವನ ಗಿರಾಕಿಗಳು. ಅದರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಸಣ್ಣ ಪಾರ್ಕು ಎಂದರೆ ನೋಡುವವರಿಗೆ ಹಸಿರು. ನನಗೆ ಅದು ಬಿಲ್ಲುಗಳ ಕಟ್ಟು. ಹಾದಿಗೆ ಹಾಸುವ ಕಲ್ಲು ಒಂದು ಕ್ವಾರಿಯಿಂದ, ಅಂಚಿನ ಕಲ್ಲು ಇನ್ನೊಂದು ಕಡೆಯಿಂದ, ಇಟ್ಟಿಗೆ ಭಟ್ಟಿಯಿಂದ ಬರುತ್ತದೆ. ಗಿಡಗಳು ನರ್ಸರಿಯಿಂದ, ಒಮ್ಮೊಮ್ಮೆ ಗೋದಾವರಿ ಸೀಮೆಯ ಕಡಿಯಂನಿಂದ ಲಾರಿ ತುಂಬಿ ಬರುತ್ತವೆ. ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ನಮ್ಮದೇ ಸೀಮೆಯ ತೆಂಗಿನ ನಾರಿನ ಪುಡಿ, ಚೌಕಚೌಕವಾಗಿ ಕತ್ತರಿಸಿ ತರುವ ಹುಲ್ಲು ಇದರ ಜತೆಗೆ. ಒಂದೊಂದು ಬಿಲ್ಲಿನ ಹಿಂದೆಯೂ ಒಬ್ಬ ಮೇಸ್ತ್ರಿ ಇರುತ್ತಾನೆ. ಮೇಸ್ತ್ರಿಯ ಹಿಂದೆ ಇರುವವರ ಹೆಸರು ಯಾವ ಬಿಲ್ಲಿನಲ್ಲೂ ಇರುವುದಿಲ್ಲ.

ಒಂದು ಸಲ ಕಲ್ಲಿನ ಮೇಸ್ತ್ರಿ ಬಂದು ಆರು ಜೋಡಿಗೆ ಮುಂಗಡ ಕೇಳಿದ. ಜೋಡಿ ಎಂದರೆ ಗಂಡ ಹೆಂಡತಿ. ಅಷ್ಟೊಂದು ಯಾಕಪ್ಪ, ಕೆಲಸ ಮಾಡಿದ ಮೇಲೆ ವಾರವಾರ ಬಟವಾಡೆ ಮಾಡೋಣ ಅಂದೆ. ಅವನು ನಕ್ಕ. “ಅಡ್ವಾನ್ಸ್ ಇಲ್ದೆ ಯಾರ್ ಬರ್ತಾರೆ ಸಾರ್? ಕೊಟ್ರೇನೆ ಬರೋದು. ಕೊಟ್ರೇನೆ ನಿಲ್ಲೋದು” ಅಂದ.

ಮೊದಲ ಮಾತು ನನಗೆ ತಿಳಿಯಿತು. ಎರಡನೆಯದು ತಲೆಯಲ್ಲಿ ಉಳಿಯಿತು. ಕೊಟ್ಟರೆ ಬರುತ್ತಾರೆ ಎನ್ನುವುದು ವ್ಯವಹಾರ. ಕೊಟ್ಟರೆ ನಿಲ್ಲುತ್ತಾರೆ ಎನ್ನುವುದರಲ್ಲಿ ಬೇರೆ ಏನೋ ಇದೆ.

ಮುಂಗಡವನ್ನು ಸುಮ್ಮನೆ ಕೆಟ್ಟದ್ದು ಅನ್ನುವುದು ಸುಲಭ, ಹೊಟ್ಟೆ ತುಂಬಿದವರಿಗೆ ಇನ್ನೂ ಸುಲಭ. ಮಳೆ ಕೈಕೊಟ್ಟ ವರ್ಷ, ಕೊಳವೆಬಾವಿ ಬತ್ತಿದ ವರ್ಷ, ಆಸ್ಪತ್ರೆಯ ಖರ್ಚಿಗೋ ಮಗಳ ಮದುವೆಗೋ ಒಟ್ಟಿಗೆ ಹಣ ಬೇಕಾದಾಗ ಬ್ಯಾಂಕು ಕೊಡುವುದಿಲ್ಲ, ನೆಂಟರಲ್ಲೂ ಇರುವುದಿಲ್ಲ. ಕೊಡುವವನು ಮೇಸ್ತ್ರಿ ಒಬ್ಬನೇ. ಆ ಗಳಿಗೆಯಲ್ಲಿ ಅವನು ದೇವರಂತೆ ಕಾಣುತ್ತಾನೆ. ಅವನೂ ಬಹಳ ಸಲ ತಾನು ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿರುತ್ತಾನೆ. ಜೀತದ ಬಗ್ಗೆ ಯೋಚಿಸುವಾಗ ನಾವು ಮೊದಲು ಒಪ್ಪಿಕೊಳ್ಳಬೇಕಾದ ಕಷ್ಟದ ಸಂಗತಿ ಇದು. ಅದು ಕ್ರೌರ್ಯದಿಂದ ಶುರುವಾಗಬೇಕಿಲ್ಲ, ಬಹಳ ಸಲ ಕೃತಜ್ಞತೆಯಿಂದ ಶುರುವಾಗುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ಒಂದು ಜೋಡಿಗೆ 80,000 ರೂಪಾಯಿ ಮುಂಗಡ ಎನ್ನಿ. ಇಬ್ಬರೂ ಸೇರಿ ದಿನಕ್ಕೆ 1,000 ರೂಪಾಯಿಯ ಕಲ್ಲು ಒಡೆಯುತ್ತಾರೆ, ತಿಂಗಳಿಗೆ 24 ದಿನ ಕೆಲಸ. ಅಲ್ಲಿಗೆ 24,000. ವಾರದ ಖರ್ಚಿಗೆ ಮೇಸ್ತ್ರಿ ಕೊಡುವುದು 3,500, ನಾಲ್ಕು ವಾರಕ್ಕೆ 14,000. ಉಳಿದ 10,000 ಮುಂಗಡಕ್ಕೆ ವಜಾ. ಎಂಟು ತಿಂಗಳಿಗೆ ಸಾಲ ತೀರಬೇಕು. ಕಾಗದದ ಮೇಲೆ ಯಾವ ಅನ್ಯಾಯವೂ ಇಲ್ಲ. ಆದರೆ ಮಳೆ ಹಿಡಿಯುತ್ತದೆ, ಜ್ವರ ಬರುತ್ತದೆ, ಅಂಚು ಒಡೆದಿದೆ ಎಂದು ಒಂದು ಲೋಡು ಕಲ್ಲನ್ನು ಮೇಲಿನವರು ವಾಪಸ್ಸು ಕಳಿಸುತ್ತಾರೆ. 24 ದಿನದ ದುಡಿಮೆ 18 ದಿನದ್ದಾಗುತ್ತದೆ. ದುಡಿಮೆ ಕಾಲು ಭಾಗ ಕಡಿಮೆಯಾದರೂ ಹೊಟ್ಟೆಯ ಖರ್ಚು ಕಡಿಮೆಯಾಗುವುದಿಲ್ಲ. ಆಗ ವಜಾ ಆಗುವುದು ತಿಂಗಳಿಗೆ 4,000 ಮಾತ್ರ. ಎಂಟು ತಿಂಗಳ ಸಾಲ 20 ತಿಂಗಳಿಗೆ ಹಿಗ್ಗುತ್ತದೆ. ಅಷ್ಟರಲ್ಲಿ ಊರ ಜಾತ್ರೆ, ಒಂದು ಸಾವು, ಒಂದು ಹೆರಿಗೆ. ಮತ್ತೆ ಐದು ಸಾವಿರ, ಮತ್ತೆ ಹತ್ತು ಸಾವಿರ. ಸಾಲಿನ ಕೊನೆಯ ಅಂಕಿ ಸೊನ್ನೆಗೆ ಬರುವುದೇ ಇಲ್ಲ.

ಇನ್ನೊಂದು ವಿಷಯ. ಈ ಲೆಕ್ಕ ಬರೆಯುವವನು ಮೇಸ್ತ್ರಿ. ದುಡಿಯುವವನ ಕೈಯಲ್ಲಿ ಅದರ ಪ್ರತಿ ಇರುವುದಿಲ್ಲ, ಇದ್ದರೂ ಓದಲು ಬರದಿರಬಹುದು. ಹಾಗಾಗಿ ತಾನು ಎಷ್ಟು ಬಾಕಿ ಎಂಬುದು ಅವನಿಗೆ ತಿಳಿಯುವುದು ಇನ್ನೊಬ್ಬರ ಬಾಯಿಂದ. ಜೋಡಿಯಲ್ಲಿ ಹೆಂಗಸಿನ ಹೆಸರಂತೂ ಆ ಪುಸ್ತಕದಲ್ಲಿ ಬರುವುದೇ ಇಲ್ಲ. ಸಾಲ ತೆಗೆದದ್ದು ಗಂಡ, ಹಾಜರಿ ಗಂಡನ ಹೆಸರಿಗೆ, ಬಟವಾಡೆ ಗಂಡನ ಕೈಗೆ. ಅವಳು ತಾನು ಮಾಡದ ಸಾಲಕ್ಕೆ, ತನ್ನ ಹೆಸರಿಲ್ಲದ ಪುಸ್ತಕದಲ್ಲಿ ದುಡಿಯುತ್ತಾಳೆ.

2000ನೇ ಇಸವಿಯಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಸುದ್ದಿ ನಾಡನ್ನೇ ಬೆಚ್ಚಿಬೀಳಿಸಿತ್ತು. ಅಲ್ಲಿನ ಕಲ್ಲುಕ್ವಾರಿಯಲ್ಲಿ ಕಾಲಿಗೆ ಸರಪಳಿ ಹಾಕಿ ದುಡಿಸುತ್ತಿದ್ದ ಕಾರ್ಮಿಕರು ಬಿಡುಗಡೆಯಾದರು. ಕೆ.ಎಸ್. ಪುಟ್ಟಣ್ಣಯ್ಯನವರ ರೈತಸಂಘ ಆ ಹೋರಾಟದಲ್ಲಿತ್ತು. ಆ ಸರಪಳಿಯ ಚಿತ್ರ ನಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಅದರಿಂದ ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು. ಸರಪಳಿ ಕಾಣದ ಕಡೆಯೆಲ್ಲ ಜೀತವಿಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದಾಗ ಅದರಲ್ಲಿ ಸರಪಳಿಯನ್ನು ತರಲಿಲ್ಲ. ಕಾಫಿತೋಟದ ಸಣ್ಣದೊಂದು ಸಾಲ ತೀರಿಸಲು ಚೋಮನ ಮಕ್ಕಳು ಘಟ್ಟ ಹತ್ತುತ್ತಾರೆ. ಅಷ್ಟು ಸಾಕಾಯಿತು ಒಂದು ಮನೆ ಮುರಿಯಲು.

ನಮ್ಮ ಕಾನೂನು ಈ ವಿಷಯದಲ್ಲಿ ನಮ್ಮ ಕಲ್ಪನೆಗಿಂತ ಮುಂದಿದೆ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದು ಅನ್ವಯವಾಗುವುದು 25 ಅಕ್ಟೋಬರ್ 1975ರಿಂದ. ಮುಂಗಡ ಪಡೆದ ಕಾರಣಕ್ಕೆ ಒಬ್ಬ ಮನುಷ್ಯ ಬೇರೆ ಕಡೆ ದುಡಿಯುವ ಸ್ವಾತಂತ್ರ್ಯ, ಎಲ್ಲಿಗಾದರೂ ಹೋಗಿಬರುವ ಸ್ವಾತಂತ್ರ್ಯ, ತನ್ನ ದುಡಿಮೆಯ ಫಲವನ್ನು ಮಾರುಕಟ್ಟೆಯ ಬೆಲೆಗೆ ಮಾರುವ ಹಕ್ಕು ಇವುಗಳಲ್ಲಿ ಯಾವುದನ್ನೇ ಕಳೆದುಕೊಂಡರೂ, ಇಲ್ಲವೇ ಕೂಲಿಯಿಲ್ಲದೆ ಅಥವಾ ಹೆಸರಿಗಷ್ಟೇ ಕೂಲಿ ಪಡೆದು ದುಡಿದರೂ ಅದು ಜೀತ. ಗುತ್ತಿಗೆ ಕಾರ್ಮಿಕರು, ಹೊರರಾಜ್ಯದಿಂದ ವಲಸೆ ಬಂದವರು ಕೂಡ ಇದರೊಳಗೆ ಬರುತ್ತಾರೆ ಎಂದು 1985ರಲ್ಲಿ ತಿದ್ದುಪಡಿ ಮಾಡಿ ಸ್ಪಷ್ಟಪಡಿಸಿದರು. ಜೀತದ ಸಾಲ ಕಾನೂನಿನ ಕಣ್ಣಿಗೆ ಸಾಲವೇ ಅಲ್ಲ, ಅದು ತೀರಿದಂತೆಯೇ. ಇದು ಜೀತದ ಸಾಲ ಎಂದು ದುಡಿಯುವವನು ಹೇಳಿದರೆ, ಅಲ್ಲ ಎಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನು.

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕನಿಷ್ಠ ವೇತನಕ್ಕಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದಾನೆ ಎಂದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟು ಹೇಳಿತು. ಹಸಿವು, ಬಡತನ ಕೂಡ ಒಂದು ಬಲವಂತ ಎಂಬುದು ಅದರ ವಾದ. ಹೀಗೆ ದುಡಿಸುವುದು ಸರ್ಕಾರಕ್ಕಷ್ಟೇ ಅಲ್ಲ, ಖಾಸಗಿಯವರಿಗೂ ನಿಷಿದ್ಧ.

ಇಷ್ಟು ಓದಿದ ಮೇಲೆ ನನ್ನ ತಮ್ಮ ಕೇಳಿದ ಪ್ರಶ್ನೆ ಇದು: “ಅಣ್ಣ, ಅವ್ರೇ ಒಪ್ಕೊಂಡು ಬಂದಿರ್ತಾರಲ್ಲ? ನಾವೇನ್ ಎಳ್ಕೊಂಡ್ ಬಂದ್ವಾ?” ಇದು ನ್ಯಾಯವಾದ ಪ್ರಶ್ನೆ, ತತ್ವಶಾಸ್ತ್ರದಲ್ಲಿ ಬಹಳ ಹಳೆಯದೂ ಹೌದು. ಒಪ್ಪಿಗೆ ಇದ್ದ ಕಡೆ ಅನ್ಯಾಯ ಇರಬಹುದೇ? ನನಗೆ ಹೊಳೆದ ಉತ್ತರ ಹೀಗಿದೆ. ಕೆಲಸಕ್ಕೆ ಬರುವಾಗಿನ ಒಪ್ಪಿಗೆ ಒಂದು ದಿನದ್ದು. ಮನುಷ್ಯನ ಒಪ್ಪಿಗೆ ದಿನದಿನವೂ ಹೊಸದಾಗಬೇಕು, ಅಂದರೆ ಯಾವ ದಿನ ಬೇಕಾದರೂ ಅದನ್ನು ಹಿಂದಕ್ಕೆ ಪಡೆಯುವಂತಿರಬೇಕು. ಬೆಳಿಗ್ಗೆ ಎದ್ದು ಗಂಟು ಕಟ್ಟಿಕೊಂಡು ಊರಿನ ಬಸ್ಸು ಹತ್ತಬಲ್ಲವನು ಇವತ್ತು ಕಲ್ಲು ಒಡೆಯಲು ಕೂತರೆ ಅದು ಒಪ್ಪಿಗೆ. ಹತ್ತಲಾರದವನು ಕೂತರೆ, ಅವನು ಮೊದಲ ದಿನ ನಗುನಗುತ್ತಲೇ ಬಂದಿದ್ದರೂ ಅದು ಒಪ್ಪಿಗೆಯಲ್ಲ. ಕೂಲಿಗೂ ಜೀತಕ್ಕೂ ಇರುವ ಗೆರೆ ಕೂಲಿಯ ಮೊತ್ತದಲ್ಲಿ ಪೂರ್ತಿ ಕಾಣುವುದಿಲ್ಲ. ಬಿಟ್ಟು ಹೋಗಲು ಆಗುತ್ತದೆಯೇ ಎಂಬಲ್ಲಿ ಕಾಣುತ್ತದೆ. ಕಾಯಕವನ್ನು ಕೊಂಡಾಡುವ ನಾಡು ನಮ್ಮದು. ಆದರೆ ಮಾಡಲೇಬೇಕೆಂದು ಹಿಡಿದು ಕೂರಿಸಿದ ದುಡಿಮೆಯನ್ನು ಕಾಯಕ ಎಂದು ಕರೆದರೆ ಶರಣರು ಒಪ್ಪುತ್ತಿದ್ದರೆಂದು ನನಗನ್ನಿಸುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ನಾಲ್ಕು ಕೈ ಆಚೆ ಏನು ನಡೆಯುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಕಡಿಯಂನ ನರ್ಸರಿಯಲ್ಲಿ ಸಸಿಗೆ ನೀರು ಹಾಕುವವರು ಯಾರು, ಭಟ್ಟಿಯಲ್ಲಿ ಇಟ್ಟಿಗೆ ಹೊರುವವರು ಯಾರು ಎಂದು ಜವನಗೊಂಡನಹಳ್ಳಿಯಲ್ಲಿ ಕೂತು ತಿಳಿಯಲಾದೀತೇ? ಇದು ನಮ್ಮೊಬ್ಬರ ತೊಡಕಲ್ಲ. ರಾಜಸ್ಥಾನದ ಬೂಂದಿ ಜಿಲ್ಲೆಯ ಬುಧಪುರದ ಮರಳುಗಲ್ಲು ಯುರೋಪಿನ ಅಂಗಳ, ಬೀದಿಗಳಿಗೆ ಹಾಸಾಗುತ್ತದೆ. ಅಲ್ಲಿ ಮನೆಮುಂದೆ ಕೂತು ಚೌಕಗಲ್ಲು ಒಡೆಯುವವರಲ್ಲಿ ಮಕ್ಕಳೂ ಇದ್ದಾರೆ ಎಂಬ ವರದಿಗಳು ಬಂದಾಗ ಅಲ್ಲಿನ ಕೊಳ್ಳುವವರೂ ಇದೇ ಮಾತು ಹೇಳಿದ್ದರು. ಬ್ರಿಟನ್ 2015ರಲ್ಲಿ ಆಧುನಿಕ ಗುಲಾಮಗಿರಿ ಕಾಯ್ದೆ ತಂದಿತು. ವರ್ಷಕ್ಕೆ 3.6 ಕೋಟಿ ಪೌಂಡು ಅಥವಾ ಹೆಚ್ಚು ವಹಿವಾಟಿರುವ ಕಂಪನಿಗಳು ತಮ್ಮ ಪೂರೈಕೆಯ ಸರಪಣಿಯಲ್ಲಿ ಗುಲಾಮಗಿರಿ ತಡೆಯಲು ಏನು ಮಾಡಿದ್ದೇವೆ ಎಂದು ಪ್ರತಿವರ್ಷ ಬರೆದು ಪ್ರಕಟಿಸಬೇಕು. ಒಳ್ಳೆಯದೇ. ಆದರೆ ಏನೂ ಮಾಡಿಲ್ಲ ಎಂದು ಬರೆದರೂ ಆ ಕಾಯ್ದೆಯ ಪ್ರಕಾರ ಹೇಳಿಕೆ ಕೊಟ್ಟಂತೆಯೇ ಆಗುತ್ತದೆ. ಕಾಗದ ಕೇಳಿದರೆ ಕಾಗದ ಬರುತ್ತದೆ. ನಮ್ಮಲ್ಲೂ ಬಾಲಕಾರ್ಮಿಕರಿಲ್ಲ, ಜೀತವಿಲ್ಲ ಎಂದು ಮೇಸ್ತ್ರಿಯಿಂದ ರುಜು ಹಾಕಿಸಿ ಕಡತಕ್ಕೆ ಸೇರಿಸುವ ಗುತ್ತಿಗೆದಾರರು ಎಷ್ಟೋ ಜನ.

ಗೊತ್ತಿಲ್ಲ ಎಂಬುದು ಎರಡು ಬಗೆ. ತಿಳಿಯಲು ದಾರಿಯೇ ಇಲ್ಲದ್ದು ಒಂದು. ತಿಳಿದರೆ ಬೆಲೆ ಹೆಚ್ಚಾದೀತು ಎಂದು ಕೇಳದೆ ಬಿಟ್ಟದ್ದು ಇನ್ನೊಂದು. ಲೆಕ್ಕ ಬರೆಯುವವನಿಗೆ ಎರಡನೆಯದರ ನೆವ ಸಿಗುವುದಿಲ್ಲ, ಯಾಕೆಂದರೆ ಬೆಲೆಯೇ ಎಲ್ಲವನ್ನೂ ಹೇಳಿರುತ್ತದೆ. ಒಂದು ಲೋಡು ಕಲ್ಲಿಗೆ ಸಾಗಾಣಿಕೆ ಎಷ್ಟು, ಕ್ವಾರಿಯ ರಾಜಧನ ಎಷ್ಟು, ಡೀಸೆಲ್ ಎಷ್ಟು ಎಂದು ನನಗೆ ಗೊತ್ತು. ಅದನ್ನೆಲ್ಲ ಕಳೆದ ಮೇಲೆ ಉಳಿಯುವುದರಲ್ಲಿ ಇಬ್ಬರಿಗೆ ಸರ್ಕಾರ ಗೊತ್ತುಮಾಡಿದ ಕೂಲಿ ಹುಟ್ಟದಿದ್ದರೆ, ಅಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲು ಕ್ವಾರಿಗೆ ಹೋಗಬೇಕಾಗಿಯೇ ಇಲ್ಲ. ಕಳೆಯುವ ಲೆಕ್ಕ ಬಂದರೆ ಸಾಕು.

ಇನ್ನೂ ಒಂದು ಕೊಂಡಿ ಇದೆ, ಅದನ್ನು ಯಾರೂ ಜೀತದ ಜತೆ ಸೇರಿಸಿ ನೋಡುವುದಿಲ್ಲ. ಅದು ತಡವಾಗಿ ಬರುವ ಬಿಲ್ಲು. ಬಡಾವಣೆ ಮಾಡುವವರು ನಮಗೆ ನಾಲ್ಕು ತಿಂಗಳು ಹಣ ಕೊಡದಿದ್ದರೆ ನಾವು ಮೇಸ್ತ್ರಿಗೆ ಕೊಡುವುದಿಲ್ಲ. ಮೇಸ್ತ್ರಿ ಜನಕ್ಕೆ ಪೂರ್ತಿ ಕೂಲಿ ಕೊಡುವುದಿಲ್ಲ, ವಾರದ ಖರ್ಚಿಗಷ್ಟೇ ಕೊಡುತ್ತಾನೆ. ಅವನ ಕೈಯಲ್ಲಿ ಉಳಿದ ಕೂಲಿ ಈಗ ಹಗ್ಗವಾಗುತ್ತದೆ, ಬಿಟ್ಟು ಹೋದರೆ ಅದೂ ಹೋಯಿತು. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಪಾವತಿಸಬೇಕು ಎಂದು 2006ರ ಕಾಯ್ದೆಯೊಂದು ಹೇಳುತ್ತದೆ. ಅದನ್ನು ವ್ಯಾಪಾರಿಗಳ ಅನುಕೂಲದ ಕಾಯ್ದೆ ಎಂದು ಎಲ್ಲರೂ ಓದುತ್ತಾರೆ. ನನಗೆ ಅದು ಜೀತ ತಡೆಯುವ ಕಾಯ್ದೆಯ ತಮ್ಮನಂತೆ ಕಾಣುತ್ತದೆ. ಮೇಲೆ ಏಸಿ ಕೋಣೆಯಲ್ಲಿ ಒಂದು ಚೆಕ್ಕಿಗೆ ರುಜು ಬೀಳುವುದು ತಡವಾದರೆ ಕೆಳಗೆ ಒಬ್ಬಳು ಊರಿಗೆ ಹೋಗಲಾಗದೆ ಉಳಿಯುತ್ತಾಳೆ. ಆ ನಡುವೆ ಯಾರೂ ದುಷ್ಟರಿಲ್ಲದಿರಬಹುದು.

ಹಾಗಾದರೆ ಒಂದು ಸಣ್ಣ ವ್ಯವಹಾರ ಏನು ಮಾಡಬೇಕು? ನಾವಿಬ್ಬರೂ ಕೂತು ಕೆಲವು ಕಟ್ಟಳೆ ಹಾಕಿಕೊಂಡೆವು. ಮೇಸ್ತ್ರಿಯ ಮೂಲಕ ಮುಂಗಡ ಕೊಡುವುದಿಲ್ಲ. ಯಾರಿಗಾದರೂ ಕಷ್ಟಕ್ಕೆ ಹಣ ಬೇಕಾದರೆ ತಿಂಗಳ ಕೂಲಿಗಿಂತ ಹೆಚ್ಚಿಲ್ಲದಷ್ಟನ್ನು ನಾವೇ ಕೊಡುತ್ತೇವೆ. ಅವರು ಅದನ್ನು ತೀರಿಸದೆ ಹೊರಟುಹೋದರೆ ಬೆನ್ನು ಹತ್ತುವುದಿಲ್ಲ, ವ್ಯವಹಾರದ ನಷ್ಟ ಎಂದು ಬರೆದುಕೊಳ್ಳುತ್ತೇವೆ. ತಮ್ಮ ಇದಕ್ಕೆ ಬೇಗ ಒಪ್ಪಲಿಲ್ಲ. ಸತ್ತ ಗಿಡಕ್ಕೆ ನೂರಕ್ಕೆ ಹತ್ತು ಎಂದು ಮೊದಲೇ ಲೆಕ್ಕ ಇಡುವುದಿಲ್ಲವೇ, ಹಾಗೇ ಇದೂ ಅಂದಾಗ ಸುಮ್ಮನಾದ. ಗಂಡ ಹೆಂಡತಿಗೆ ಹಾಜರಿ ಬೇರೆಬೇರೆ, ಬಟವಾಡೆ ಅವರವರ ಖಾತೆಗೆ. ಮೇಸ್ತ್ರಿಗಳ ಬಿಲ್ಲು ಹದಿನೈದು ದಿನದೊಳಗೆ, ನಮಗೆ ಮೇಲಿಂದ ಬಂದಿರಲಿ ಬಿಡಲಿ. ಕಲ್ಲು, ಇಟ್ಟಿಗೆ, ಹುಲ್ಲು ಕೊಳ್ಳುವ ಮುಂಚೆ ಒಂದು ಸಲವಾದರೂ ಜಾಗಕ್ಕೆ ಹೋಗುವುದು, ಮೇಸ್ತ್ರಿ ಪಕ್ಕದಲ್ಲಿಲ್ಲದಾಗ ಮೂರು ಮಾತು ಕೇಳುವುದು: ನಾಳೆ ಊರಿಗೆ ಹೋಗಬೇಕು ಅಂದರೆ ಹೋಗಬಹುದಾ? ನಿಮ್ಮ ಆಧಾರ್ ಕಾರ್ಡು, ಎಟಿಎಂ ಕಾರ್ಡು ಯಾರ ಹತ್ತಿರ ಇದೆ? ನಿಮ್ಮ ಲೆಕ್ಕ ಯಾರು ಬರೀತಾರೆ?

ಮೂರನೆಯದಕ್ಕೆ ಉತ್ತರ ಸಿಗದ ಕಡೆ ಮೊದಲ ಎರಡಕ್ಕೂ ಸರಿಯಾದ ಉತ್ತರ ಸಿಗುವುದಿಲ್ಲ.

ಜೀತವೇ ಕಂಡರೆ? ಆ ಕಡೆಯಿಂದ ಕೊಳ್ಳುವುದನ್ನು ನಿಲ್ಲಿಸಿ ಕೈತೊಳೆದುಕೊಳ್ಳುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದರಿಂದ ನಮ್ಮ ಪುಸ್ತಕ ಶುದ್ಧವಾಗುತ್ತದೆ, ಅವರು ಅಲ್ಲೇ ಉಳಿಯುತ್ತಾರೆ. ಕಾಯ್ದೆ ಈ ಹೊಣೆಯನ್ನು ಜಿಲ್ಲಾಧಿಕಾರಿಗೆ ಒಪ್ಪಿಸಿದೆ, ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತ ಸಮಿತಿಗಳಿರಬೇಕು ಎಂದಿದೆ. ಬಿಡುಗಡೆಯಾದವರಿಗೆ ಪುನರ್ವಸತಿಯ ಹಣ ಕೊಡುವ ಯೋಜನೆಯೂ ಇದೆ. ಮಕ್ಕಳಿದ್ದರೆ 1098ಕ್ಕೆ ಕರೆ ಮಾಡಬಹುದು. ಕಿರಣ್ ಕಮಲ್ ಪ್ರಸಾದ್ ಅವರ ‘ಜೀವಿಕ’ದಂಥ ಸಂಘಟನೆಗಳು ನಮ್ಮ ರಾಜ್ಯದಲ್ಲಿ ದಶಕಗಳಿಂದ ಹಳ್ಳಿಹಳ್ಳಿ ಸುತ್ತಿ ಜೀತದವರನ್ನು ಗುರುತಿಸುವ ಕೆಲಸ ಮಾಡುತ್ತ ಬಂದಿವೆ. ಬಿಡುಗಡೆಯ ಪತ್ರ ಕೈಗೆ ಬಂದ ಮೇಲೂ ಮನೆಯಲ್ಲಿ ಹಸಿವಿದ್ದರೆ ಮನುಷ್ಯ ಮತ್ತೊಬ್ಬ ಮೇಸ್ತ್ರಿಯ ಹತ್ತಿರ ಮುಂಗಡಕ್ಕೆ ಹೋಗುತ್ತಾನೆ ಎಂಬುದು ಈ ಕೆಲಸ ಮಾಡುವವರೆಲ್ಲರ ಅನುಭವ. ಹಾಗಾಗಿ ದೂರು ಕೊಟ್ಟವನ ಜವಾಬ್ದಾರಿ ದೂರಿಗೆ ಮುಗಿಯುವುದಿಲ್ಲ. ಆಮೇಲೆ ಅವನಿಗೆ ನ್ಯಾಯವಾದ ಕೂಲಿಯ ಕೆಲಸ ಕೊಡಬಲ್ಲವನು ಯಾರು ಎಂದು ಕೇಳಿದರೆ, ಅದು ನಮ್ಮಂಥ ವ್ಯವಹಾರದವರೇ ತಾನೆ?

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ಅದರ ಜತೆಗಾರ ಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ ಬಲವಂತದ ದುಡಿಮೆಯಲ್ಲಿರುವವರು 2.76 ಕೋಟಿ. ಅಂಥ ಅಂಕಿ ಓದಿದಾಗ ನನಗೆ ಏನೂ ಆಗುವುದಿಲ್ಲ. ಅಂಕಿ ದೊಡ್ಡದಾದಷ್ಟೂ ಅದು ನಮ್ಮದಲ್ಲ ಅನ್ನಿಸುತ್ತದೆ. ಆರು ಜೋಡಿ ಎಂಬ ಅಂಕಿ ಮಾತ್ರ ಬಿಡದೆ ಕಾಡುತ್ತದೆ.

ಈ ಕಟ್ಟಳೆಗಳಿಂದ ನಮ್ಮ ದರ ಏರಿತು. ಕಳೆದ ಸಲ ಒಂದು ಬಡಾವಣೆಯ ಪಾರ್ಕಿಗೆ ನಾವು ಹಾಕಿದ್ದು 18 ಲಕ್ಷ, ಕೆಲಸ ಸಿಕ್ಕವರು ಹಾಕಿದ್ದು 14.5 ಲಕ್ಷ. ತಮ್ಮ ಎರಡು ದಿನ ನನ್ನ ಜತೆ ಸರಿಯಾಗಿ ಮಾತಾಡಲಿಲ್ಲ. ಅವನದ್ದು ತಪ್ಪು ಎಂದು ನಾನು ಹೇಳಲಾರೆ, ಅವನಿಗೂ ಬ್ಯಾಂಕಿನ ಕಂತಿದೆ, ಓದುವ ಮಗಳಿದ್ದಾಳೆ. ಇಂಥ ಒಂದೆರಡು ಕೆಲಸ ಹೋದರೆ ತಡೆದುಕೊಂಡೇವು. ಎಲ್ಲವೂ ಹೋದರೆ ಏನು ಮಾಡುವುದೆಂದು ಅವನು ಕೇಳುತ್ತಾನೆ. ನ್ಯಾಯವಾಗಿ ನಡೆಯುವ ಖರ್ಚು ಒಬ್ಬನ ಮೇಲೇ ಬಿದ್ದರೆ ಅದು ಬಹಳ ದಿನ ನಡೆಯದು. ಟೆಂಡರು ಕರೆಯುವವರು, ಪಾರ್ಕಿನ ಪಕ್ಕದಲ್ಲಿ ಸೈಟು ಕೊಳ್ಳುವವರು, ಅಲ್ಲಿ ಸಂಜೆ ನಡೆಯುವವರು ಕೂಡ ಅದರಲ್ಲಿ ತಮ್ಮ ಪಾಲು ಹೊರಬೇಕು.

ಆ ಕಡಿಮೆ ದರ ಹಾಕಿದವರ ಮೇಲೆ ನಾನು ಆರೋಪ ಮಾಡುತ್ತಿಲ್ಲ. ಅವರ ಲಾರಿ ಸ್ವಂತದ್ದಿರಬಹುದು, ಲಾಭ ಬಿಟ್ಟುಕೊಟ್ಟಿರಬಹುದು. ನಾನು ಕೇಳುವುದು ಇಷ್ಟೇ: ಟೆಂಡರು ತೆರೆದ ದಿನ ಆ ಮೇಜಿನ ಸುತ್ತ ಕೂತಿದ್ದ ಒಬ್ಬರಾದರೂ ಆ ಮೂರೂವರೆ ಲಕ್ಷ ಎಲ್ಲಿ ಉಳಿಯಿತು ಎಂದು ಕೇಳಬೇಕಿತ್ತು. ಉಳಿಸಿದ ಹಣಕ್ಕೂ ಒಂದು ಮೂಲ ಇರುತ್ತದೆ. ಅದನ್ನು ಕೇಳುವುದಕ್ಕೆ ಯಾವ ಕಾಯ್ದೆಯ ಅಪ್ಪಣೆಯೂ ಬೇಕಾಗಿಲ್ಲ.